ಚಾರ್ಲ್ಸ್ ಹ್ಯಾರಿಸನ್ ಬ್ಲ್ಯಾಕ್ಲಿ

ಚಾರ್ಲ್ಸ್ ಹ್ಯಾರಿಸನ್ ಬ್ಲ್ಯಾಕ್ಲಿ (1820–1900) ಇಂಗ್ಲೆಂಡಿನ ವೈದ್ಯರು. ಹೇ ಫೀವರ್ (ಪರಾಗಜ್ವರ) ಮತ್ತು ಅದರೊಡನೆ ಬರುವ ಉಬ್ಬಸಕ್ಕೆ ಹುಲ್ಲಿನ ಪರಾಗವೇ ಕಾರಣವೆಂಬುದನ್ನು ತಮ್ಮ ದೇಹದ ಮೇಲೆಯೇ ಪ್ರಯೋಗ ನಡೆಸಿ ತೋರಿಸಿದರು. ಅಲರ್ಜಿಯ ಪತ್ತೆಗೆ ಇಂದು ಬಳಸುವ ಚರ್ಮಪರೀಕ್ಷೆಯ ಮೂಲ ಇವರ ಪ್ರಯೋಗಗಳಲ್ಲಿದೆ.

ಜೀವನ

ಬ್ಲ್ಯಾಕ್ಲಿಯವರು ಬೋಲ್ಟನ್ ಪಟ್ಟಣದಲ್ಲಿ ಜನಿಸಿದರು. ಮೊದಲು ಮ್ಯಾಂಚೆಸ್ಟರಿನ ಮುದ್ರಣಾಲಯವೊಂದರಲ್ಲಿ ಕೆಲಸ ಕಲಿತ ಇವರು, ಮೂವತ್ತು ದಾಟಿದ ಮೇಲೆ ವೈದ್ಯಶಾಸ್ತ್ರ ಓದಿ 1858ರಲ್ಲಿ ಅರ್ಹತೆ ಪಡೆದರು. ಅದೇ ನಗರದ ಹ್ಯೂಮ್ ಭಾಗದಲ್ಲಿ ವೃತ್ತಿ ಆರಂಭಿಸಿದರು. ಹೋಮಿಯೋಪತಿಯನ್ನು ಅನುಸರಿಸುತ್ತಿದ್ದರು. ಸ್ವತಃ ಪರಾಗಜ್ವರದ ರೋಗಿಯಾಗಿದ್ದುದು ಇವರ ಸಂಶೋಧನೆಗೆ ಪ್ರೇರಣೆಯೂ ಸಾಧನವೂ ಆಯಿತು.

ಪ್ರಯೋಗಗಳು

ಈ ಕಾಯಿಲೆಯನ್ನು ಜಾನ್ ಬೋಸ್ಟಾಕ್ 1819ರಲ್ಲಿಯೇ ವರ್ಣಿಸಿದ್ದರೂ ಅದರ ಕಾರಣದ ಬಗ್ಗೆ ಒಮ್ಮತವಿರಲಿಲ್ಲ. ಬಿಸಿಲು, ಓಜೋನ್, ಧೂಳು, ಹುಲ್ಲಿನ ವಾಸನೆ ಎಂದು ಹಲವು ಊಹೆಗಳಿದ್ದವು. ಬ್ಲ್ಯಾಕ್ಲಿಯವರು ಇವುಗಳನ್ನು ಒಂದೊಂದಾಗಿ ಪರೀಕ್ಷಿಸಿ ಕೊನೆಗೆ ಪರಾಗಕ್ಕೆ ಬಂದರು. ಪರಾಗವನ್ನು ಮೂಗಿನ ಒಳಪೊರೆಗೆ, ಕಣ್ಣಿಗೆ ಹಚ್ಚಿಕೊಂಡರು, ಉಸಿರಿನೊಡನೆ ಎಳೆದುಕೊಂಡರು. ಸೀನು, ನೀರಿಳಿತ, ಉಬ್ಬಸಗಳು ಕಾಣಿಸಿಕೊಂಡವು. ತೋಳಿನ ಚರ್ಮವನ್ನು ಗೀರಿ ಒದ್ದೆ ಪರಾಗವನ್ನಿಟ್ಟಾಗ ಕೆಲವೇ ನಿಮಿಷಗಳಲ್ಲಿ ತುರಿಕೆ ಮತ್ತು ಬಾವು ಉಂಟಾದವು. ಚರ್ಮವನ್ನು ಗೀರಬೇಕಾಗಿತ್ತು, ಮೂಗಿನ ಪೊರೆಗೆ ಅದರ ಅಗತ್ಯವೇ ಇರಲಿಲ್ಲ ಎಂಬುದು ಗಮನಾರ್ಹ.

ಅಂಟು ಲೇಪಿಸಿದ ಗಾಜಿನ ಪಟ್ಟಿಗಳಿಂದ ಗಾಳಿಯಲ್ಲಿನ ಪರಾಗವನ್ನು ಎಣಿಸಿ, ಆ ಸಂಖ್ಯೆಯ ಏರಿಳಿತವನ್ನು ರೋಗದ ಏರಿಳಿತದೊಂದಿಗೆ ಹೋಲಿಸಿದರು. ಗಾಳಿಪಟಗಳ ಮೂಲಕ ಪಟ್ಟಿಗಳನ್ನು ಸಾವಿರ ಅಡಿಗೂ ಮೀರಿದ ಎತ್ತರಕ್ಕೆ ಕಳುಹಿಸಿ ಅಲ್ಲಿಯೂ ಪರಾಗವಿರುವುದನ್ನು ಕಂಡರು. ಪರಾಗದ ನಡುವೆಯೇ ಬದುಕುವ ರೈತರಿಗಿಂತ ವಿದ್ಯಾವಂತ ವರ್ಗದವರಲ್ಲಿ ರೋಗ ಹೆಚ್ಚೆಂಬುದನ್ನೂ ದಾಖಲಿಸಿದರು. ಈ ವಿರೋಧಾಭಾಸ ಇಂದಿಗೂ ಚರ್ಚೆಯಲ್ಲಿದೆ. ಫಲಿತಾಂಶಗಳನ್ನೊಳಗೊಂಡ ಗ್ರಂಥ 1873ರಲ್ಲಿ ಪ್ರಕಟವಾಯಿತು. ಚಾರ್ಲ್ಸ್ ಡಾರ್ವಿನ್ ಅದನ್ನು ಓದಿ ಇವರೊಂದಿಗೆ ಪತ್ರವ್ಯವಹಾರ ನಡೆಸಿದರು. ಆದರೆ ರೋಗಾಣು ಸಿದ್ಧಾಂತವು ಬಲಗೊಳ್ಳುತ್ತಿದ್ದ ಆ ಕಾಲದ ವೈದ್ಯಲೋಕದಲ್ಲಿ ಇವರ ಕೃತಿಗೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ.

ನಂತರದ ಬೆಳವಣಿಗೆ

ಬ್ಲ್ಯಾಕ್ಲಿಯವರು 1900ರಲ್ಲಿ ನಿಧನರಾದರು. 'ಅಲರ್ಜಿ' ಎಂಬ ಪದವನ್ನು ಕ್ಲೆಮೆನ್ಸ್ ಫಾನ್ ಪಿರ್ಕೆ ಬಳಕೆಗೆ ತಂದದ್ದು 1906ರಲ್ಲಿ. 1911ರಲ್ಲಿ ಲಿಯೊನಾರ್ಡ್ ನೂನ್ ಪರಾಗಸಾರದ ಚುಚ್ಚುಮದ್ದಿನ ಚಿಕಿತ್ಸೆಯನ್ನು ಪ್ರಕಟಿಸಿದರು. ಅಲರ್ಜಿಗೆ ಕಾರಣವಾದ ಐಜಿಇ ಪ್ರತಿಕಾಯವು 1960ರ ದಶಕದಲ್ಲಿ ಪತ್ತೆಯಾಯಿತು.

ಗೀರದ ಪೊರೆಯನ್ನು ಪರಾಗ ದಾಟುವುದು ಹೇಗೆ ಎಂಬುದಕ್ಕೆ ಉತ್ತರ ದೊರೆಯಲು ಇನ್ನೂ ಕಾಲ ಹಿಡಿಯಿತು. ಶ್ವಾಸನಾಳದ ಒಳಪದರದ ಜೀವಕೋಶಗಳನ್ನು ಆಕ್ಲುಡಿನ್ ಮೊದಲಾದ ಪ್ರೋಟೀನುಗಳು ಬೆಸೆದಿರುತ್ತವೆ. ಮನೆಧೂಳಿನ ನುಸಿಯ ಡೆರ್ ಪಿ 1 ಎಂಬ ಕಿಣ್ವವು ಈ ಬೆಸುಗೆಯನ್ನು ಕತ್ತರಿಸುತ್ತದೆಯೆಂದು 1999ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಲವು ಬಗೆಯ ಪರಾಗಗಳಲ್ಲಿಯೂ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಪದರ ಸಡಿಲಗೊಂಡಾಗ ಅಲರ್ಜಿಕಾರಕಗಳು ಒಳಗಿನ ರೋಗನಿರೋಧಕ ಕೋಶಗಳನ್ನು ತಲುಪುತ್ತವೆ. ಜೊತೆಗೆ, ಘಾಸಿಗೊಂಡ ಜೀವಕೋಶಗಳು ಬಿಡುಗಡೆ ಮಾಡುವ ಐಎಲ್-33, ಟಿಎಸ್‌ಎಲ್‌ಪಿ ಎಂಬ ಸಂಕೇತಗಳು ಉರಿಯೂತವನ್ನು ಪ್ರಚೋದಿಸುತ್ತವೆ. ಉರಿಯೂತವು ಪದರವನ್ನು ಮತ್ತಷ್ಟು ದುರ್ಬಲಗೊಳಿಸುವುದರಿಂದ ಅಸ್ತಮಾ ದೀರ್ಘಕಾಲ ಮುಂದುವರಿಯಬಲ್ಲದು.

ಕರ್ನಾಟಕದಲ್ಲಿ ಹೊಲದ ಬದು, ಖಾಲಿ ನಿವೇಶನಗಳಲ್ಲಿ ಬೆಳೆಯುವ ಪಾರ್ಥೇನಿಯಂ (ಕಾಂಗ್ರೆಸ್ ಗಿಡ) ಪರಾಗವು ಮೂಗಿನ ಅಲರ್ಜಿಗೆ ಕಾರಣವಾಗುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಗುರುತಿಸಿದ್ದಾರೆ. ಅಂತಹ ಅಲರ್ಜಿಯ ಪತ್ತೆಗೂ ತೋಳಿನ ಮೇಲಿನ ಚರ್ಮಪರೀಕ್ಷೆಯನ್ನೇ ಬಳಸಲಾಗುತ್ತದೆ.