ದ್ವಿದಳ ಬೆಳೆಯ ಒಗಟು ಮತ್ತು ಸರ್ ಜಾನ್ ಬೆನೆಟ್ ಲಾಸ್

ನಮ್ಮದು ಕಲಬುರಗಿ ಸೀಮೆಯ ತೊಗರಿ ಬೆಳೆಯುವ ಮನೆತನ. ನನ್ನ ಬಾಲ್ಯದಲ್ಲಿ ಒಂದು ವರ್ಷ ತಂದೆಯವರು ತೊಗರಿಗೆ ಧಾರಾಳವಾಗಿ ಯೂರಿಯಾ ಎರಚಿದರು. ಗಿಡಗಳು ಕಡುಹಸಿರಾಗಿ ಆಳೆತ್ತರ ಬೆಳೆದವು. ರಾಶಿಯ ದಿನ ಮಾತ್ರ ಚೀಲಗಳು ತುಂಬಲಿಲ್ಲ. ಗೊಬ್ಬರ ಹೆಚ್ಚಾದರೂ ಇಳುವರಿ ಏಕೆ ಹೆಚ್ಚಲಿಲ್ಲವೆಂಬ ಪ್ರಶ್ನೆ ಅಂದಿನಿಂದ ನನ್ನೊಡನೆ ಉಳಿಯಿತು. ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ, ಇದೇ ಪ್ರಶ್ನೆಯ ಹಿಂದೆ ಅರ್ಧ ಶತಮಾನ ಕಳೆದ ಒಬ್ಬರ ಬದುಕು ನನ್ನ ಗಮನಕ್ಕೆ ಬಂದಿತು.

ಜಾನ್ ಬೆನೆಟ್ ಲಾಸ್ ಹುಟ್ಟಿದ್ದು 1814ರಲ್ಲಿ, ಹರ್ಟ್‌ಫರ್ಡ್‌ಷೈರಿನ ಹಾರ್ಪೆಂಡೆನ್ ಬಳಿಯ ರೊಥಾಮ್‌ಸ್ಟೆಡ್‌ನಲ್ಲಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರಿಗೆ ವಿಶಾಲವಾದ ಜಮೀನು ಪಿತ್ರಾರ್ಜಿತವಾಗಿ ದೊರೆಯಿತು. ಈಟನ್ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿದರಾದರೂ ಪದವಿ ಪಡೆಯದೆಯೇ ಊರಿಗೆ ಮರಳಿ, 1834ರಲ್ಲಿ ಬೇಸಾಯದ ಹೊಣೆ ಹೊತ್ತರು. ಮೂಳೆಯ ಪುಡಿ ಕೆಲವು ಹೊಲಗಳಲ್ಲಿ ಫಲ ಕೊಟ್ಟು ಕೆಲವೆಡೆ ವ್ಯರ್ಥವಾಗುತ್ತಿದ್ದುದು ಅವರ ಕುತೂಹಲವನ್ನು ಕೆರಳಿಸಿತು. ಮೂಳೆ ಹಾಗೂ ಖನಿಜ ಫಾಸ್ಫೇಟನ್ನು ಗಂಧಕಾಮ್ಲದೊಡನೆ ಬೆರೆಸಿದರೆ ಅದರೊಳಗಿನ ರಂಜಕ ನೀರಿನಲ್ಲಿ ಕರಗುವ ರೂಪ ತಾಳುತ್ತದೆ. ಈ ವಿಧಾನಕ್ಕೆ 1842ರಲ್ಲಿ ಪೇಟೆಂಟ್ ಪಡೆದು, ಲಂಡನ್ನಿನ ಡೆಟ್‌ಫರ್ಡ್‌ನಲ್ಲಿ ಕಾರ್ಖಾನೆ ತೆರೆದರು. ನಮ್ಮ ರೈತರು ಇಂದಿಗೂ ಬಳಸುವ ಸೂಪರ್ ಫಾಸ್ಫೇಟ್ ಇದೇ.

ಕಾರ್ಖಾನೆಯ ಲಾಭವನ್ನು ಲಾಸ್ ಹೊಲದ ಪ್ರಯೋಗಗಳಿಗೆ ಸುರಿದರು. 1843ರಲ್ಲಿ ರಸಾಯನಶಾಸ್ತ್ರಜ್ಞ ಜೋಸೆಫ್ ಹೆನ್ರಿ ಗಿಲ್ಬರ್ಟ್ ಅವರೊಡನೆ ಸೇರಿದರು. ಈ ಜೊತೆಗಾರಿಕೆ 57 ವರ್ಷ ನಡೆಯಿತು. ಬೆಳೆಗೆ ಬೇಕಾದ ಸಾರಜನಕ ವಾತಾವರಣದ ಅಮೋನಿಯದಿಂದಲೇ ಸಾಕಷ್ಟು ಸಿಗುತ್ತದೆ, ಖನಿಜಗಳನ್ನು ಒದಗಿಸಿದರೆ ಸಾಕು ಎಂಬುದು ಜರ್ಮನಿಯ ಮಹಾವಿಜ್ಞಾನಿ ಲೀಬಿಗ್ ಅವರ ವಾದವಾಗಿತ್ತು. ಗಿಲ್ಬರ್ಟ್ ಸ್ವತಃ ಲೀಬಿಗ್ ಅವರ ಶಿಷ್ಯರು. ಆದರೂ ಬ್ರಾಡ್‌ಬಾಕ್ ಹೊಲದ ಗೋದಿ ಬೇರೆಯದನ್ನೇ ತೋರಿಸಿತು: ಸಾರಜನಕದ ಗೊಬ್ಬರ ಕೊಡದಿದ್ದರೆ ಖನಿಜಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ದ್ವಿದಳ ಬೆಳೆಗಳ ನಡತೆ ಇದಕ್ಕೆ ತದ್ವಿರುದ್ಧ. ಬೀನ್ಸ್ ಮತ್ತು ಕ್ಲೋವರ್ ಮೇವಿನ ಬೆಳೆಗಳಿಗೆ ಸಾರಜನಕದಿಂದ ಅಷ್ಟಾಗಿ ಲಾಭವಾಗಲಿಲ್ಲ. ರಂಜಕ, ಅದರಲ್ಲೂ ಪೊಟ್ಯಾಷ್, ಅವುಗಳನ್ನು ಸೊಂಪಾಗಿ ಬೆಳೆಸಿತು. 1856ರಲ್ಲಿ ಆರಂಭವಾದ ಪಾರ್ಕ್ ಗ್ರಾಸ್ ಹುಲ್ಲುಗಾವಲಿನಲ್ಲಿ ಇದು ಕಣ್ಣಿಗೆ ಕಟ್ಟುವಂತಿತ್ತು. ಖನಿಜ ಮಾತ್ರ ಬಿದ್ದ ತಾಕುಗಳಲ್ಲಿ ದ್ವಿದಳ ಸಸ್ಯಗಳು ಹಬ್ಬಿದವು. ಸಾರಜನಕ ಬಿದ್ದಲ್ಲಿ ಹುಲ್ಲು ಮೇಲುಗೈ ಪಡೆದು ಅವುಗಳನ್ನು ಅಡಗಿಸಿತು. ಇಷ್ಟಾಗಿಯೂ ಕ್ಲೋವರ್ ಕೊಯ್ದ ನೆಲದಲ್ಲಿ ಮುಂದಿನ ಗೋದಿ ಚೆನ್ನಾಗಿಯೇ ಬರುತ್ತಿತ್ತು. ಹಾಗಾದರೆ ಆ ಸಾರಜನಕ ಬಂದದ್ದೆಲ್ಲಿಂದ?

ಇದನ್ನು ತಿಳಿಯಲು 1857ರಲ್ಲಿ ಅಮೆರಿಕದ ಇವಾನ್ ಪ್ಯೂ ಅವರೊಡಗೂಡಿ ಅತ್ಯಂತ ಎಚ್ಚರದ ಪ್ರಯೋಗವೊಂದನ್ನು ಕೈಗೊಂಡರು. ಮಣ್ಣನ್ನು ಸುಟ್ಟು ಶುದ್ಧಗೊಳಿಸಿ, ಗಾಜಿನ ಹೊದಿಕೆಯೊಳಗೆ ಗಿಡ ಬೆಳೆಸಿದರು. ಸಸ್ಯಗಳು ಗಾಳಿಯ ಸಾರಜನಕವನ್ನು ಹೀರಲಾರವೆಂಬ ತೀರ್ಮಾನಕ್ಕೆ ಬಂದರು. ಅವರ ಎಚ್ಚರವೇ ಅವರನ್ನು ದಾರಿ ತಪ್ಪಿಸಿತೆಂದು ನನಗನಿಸುತ್ತದೆ. ಮಣ್ಣಿನ ಕಲ್ಮಶದೊಡನೆ ಅದರ ಜೀವಾಣುಗಳೂ ಸುಟ್ಟುಹೋಗಿದ್ದವು. 1886ರಲ್ಲಿ ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ಟ್ ಒಗಟನ್ನು ಬಿಡಿಸಿದರು: ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿ ನೆಲೆಸುವ ಸೂಕ್ಷ್ಮಜೀವಿಗಳೇ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ. ಆಗ ಲಾಸ್ ಅವರಿಗೆ ಎಪ್ಪತ್ತು ದಾಟಿತ್ತು. ಹಳೆಯ ತೀರ್ಮಾನಕ್ಕೆ ಜೋತುಬೀಳದೆ, 1888ರಿಂದ ಗಿಲ್ಬರ್ಟ್ ಅವರೊಡನೆ ಹೊಸ ಪ್ರಯೋಗಗಳನ್ನು ನಡೆಸಿ ಆ ಶೋಧವನ್ನು ದೃಢಪಡಿಸಿದರು. ನಾನು ಅವರನ್ನು ಅತಿಯಾಗಿ ಗೌರವಿಸುವುದು ಈ ಒಂದು ನಡೆಗಾಗಿ.

1882ರಲ್ಲಿ ಅವರಿಗೆ ಬ್ಯಾರನೆಟ್ ಪದವಿ ಸಂದಿತು. 1889ರಲ್ಲಿ 1 ಲಕ್ಷ ಪೌಂಡ್ ನಿಧಿಯೊಡನೆ ಪ್ರಯೋಗಗಳನ್ನು ಟ್ರಸ್ಟಿಗೆ ಒಪ್ಪಿಸಿದರು. 1900ರ ಆಗಸ್ಟ್ 31ರಂದು ನಿಧನರಾದರು. ಬ್ರಾಡ್‌ಬಾಕ್ ಮತ್ತು ಪಾರ್ಕ್ ಗ್ರಾಸ್ ಪ್ರಯೋಗಗಳು ಇಂದಿಗೂ ನಡೆಯುತ್ತಿವೆ.

ನಮ್ಮ ತೊಗರಿಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಮಣ್ಣಿನಲ್ಲಿ ಸಾರಜನಕ ತುಂಬಿದ್ದರೆ ಗಿಡ ಬೇರುಗಂಟುಗಳನ್ನು ಪೋಷಿಸುವುದಿಲ್ಲ. ಸೊಪ್ಪು ಸೊಕ್ಕಿ ಕಾಯಿ ಕುಗ್ಗುತ್ತದೆ. ಗಂಟುಗಳು ದುಡಿಯಲು ಅಪಾರ ಶಕ್ತಿ ಬೇಕು. ಆ ಶಕ್ತಿಯ ವಹಿವಾಟಿಗೆ ರಂಜಕ ಅಗತ್ಯ. ಸ್ಥಿರೀಕರಿಸುವ ಕಿಣ್ವಕ್ಕೆ ಕಬ್ಬಿಣ ಮತ್ತು ಮಾಲಿಬ್ಡಿನಂ ಬೇಕು. ಆದ್ದರಿಂದಲೇ ಭಾರತದಲ್ಲಿ ಬೇಳೆಕಾಳುಗಳಿಗೆ ಹೆಕ್ಟೇರಿಗೆ ಸಾಮಾನ್ಯವಾಗಿ 20–25 ಕಿಲೋ ಸಾರಜನಕವನ್ನು ಆರಂಭಕ್ಕೆ ಮಾತ್ರ ಕೊಟ್ಟು, ರಂಜಕವನ್ನು ಅದರ ಇಮ್ಮಡಿಯಷ್ಟು ಶಿಫಾರಸು ಮಾಡುತ್ತಾರೆ. ಬೀಜಕ್ಕೆ ರೈಜೋಬಿಯಂ ಲೇಪಿಸುವುದೂ ಇದಕ್ಕಾಗಿಯೇ. ತಂದೆಯವರು ಅಂದು ಎರಚಿದ ಯೂರಿಯಾ, ಬೇರಿನಲ್ಲಿ ತಾನಾಗಿ ನಡೆಯಬೇಕಿದ್ದ ದುಡಿಮೆಯನ್ನು ನಿಲ್ಲಿಸಿತ್ತು.