ಪಾಶ್ಚರ್ ಮರೆತ ಸೀಸೆ ಮತ್ತು ಕೋಳಿ ಲಸಿಕೆ: ಕಥೆಯಲ್ಲಿ ನಿಜವೆಷ್ಟು?

ಪಠ್ಯಪುಸ್ತಕದಿಂದ ವಾಟ್ಸ್ಆ್ಯಪ್‌ವರೆಗೆ ಓಡಾಡುವ ಕಥೆಯೊಂದಿದೆ. ಲೂಯಿ ಪಾಶ್ಚರ್ ರಜೆಗೆ ಹೋದರಂತೆ, ಕೋಳಿ ರೋಗಾಣುವಿನ ಸೀಸೆ ಹಾಗೇ ಉಳಿಯಿತಂತೆ, ವಾಪಸ್ ಬಂದು ನೋಡಿದರೆ ಲಸಿಕೆ ಸಿದ್ಧವಾಗಿತ್ತಂತೆ! ಕೆಲವರು ಇದನ್ನೇ ಹಕ್ಕಿ ಜ್ವರಕ್ಕೂ ತಳಕು ಹಾಕುತ್ತಾರೆ. ಆ ರೋಗ ಹಕ್ಕಿ ಜ್ವರವಲ್ಲ, ಘಟನೆ ನಡೆದದ್ದೂ ಅಷ್ಟು ಸಲೀಸಾಗಿ ಅಲ್ಲ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದ ಮಾಡುತ್ತಿದ್ದವರು. ಮಗ ಓದಿದ್ದು ರಸಾಯನಶಾಸ್ತ್ರ. ಹೌದು, ಅವರು ವೈದ್ಯರೇ ಆಗಿರಲಿಲ್ಲ. 1865ರಲ್ಲಿ ರೇಷ್ಮೆಹುಳುಗಳ ರೋಗವನ್ನು ಪತ್ತೆಹಚ್ಚಲು ಅವರನ್ನು ಅಲೆಸ್ ಪಟ್ಟಣಕ್ಕೆ ಕಳಿಸಲಾಯಿತು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಪೆಬ್ರಿನ್ ರೋಗದ ಕಣಗಳು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕು ಎಂಬ ವಿಧಾನ ಅವರದು. ನಮ್ಮ ರಾಜ್ಯದ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಚಿಟ್ಟೆಗಳ ತಪಾಸಣೆ ನಡೆಯುವುದು ಇದೇ ತತ್ವದ ಮೇಲೆ.

ಆ ವರ್ಷಗಳು ಅವರಿಗೆ ಬಲು ಕಷ್ಟದವು. ಒಬ್ಬ ಮಗಳು ಮೊದಲೇ ಟೈಫಾಯ್ಡ್‌ಗೆ ಬಲಿಯಾಗಿದ್ದಳು. 1865-66ರಲ್ಲಿ ತಂದೆ ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳು ತೀರಿಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ಅವರ ಎಡಭಾಗ ಸ್ವಾಧೀನ ತಪ್ಪಿತು. ಕೋಳಿಗಳ ಕೆಲಸ ಮಾಡಿದ್ದು ಇದಾದ ಹತ್ತು ವರ್ಷಗಳ ನಂತರ.

ಅವರು ಕೈಗೆತ್ತಿಕೊಂಡದ್ದು ಕೋಳಿ ಕಾಲರಾ. ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ. ತೂಸೇಂ ಎಂಬ ಪಶುವೈದ್ಯ ವಿಜ್ಞಾನಿ ಇದರ ಸೋಂಕಿತ ಮಾದರಿಯನ್ನು ಕಳಿಸಿಕೊಟ್ಟಿದ್ದರು. ಕೋಳಿಮಾಂಸದ ಸಾರಿನಲ್ಲಿ ಬೆಳೆಸಿದ ತಾಜಾ ರೋಗಾಣು ಚುಚ್ಚಿದರೆ ಕೋಳಿ ಸಾಯುತ್ತಿತ್ತು. ಬಹುದಿನ ಇಟ್ಟ ಹಳೆಯ ರೋಗಾಣುವಾದರೆ ಕೋಳಿ ಸ್ವಲ್ಪ ಜಡ್ಡಾಗಿ ಚೇತರಿಸಿಕೊಳ್ಳುತ್ತಿತ್ತು. ಚೇತರಿಸಿಕೊಂಡ ಕೋಳಿಗೆ ಮತ್ತೆ ತಾಜಾ ರೋಗಾಣು ಕೊಟ್ಟರೂ ಏನೂ ಆಗುತ್ತಿರಲಿಲ್ಲ.

ಹಾಗಾದರೆ ರಜೆಯ ಕಥೆ? 1879ರ ಬೇಸಿಗೆಯಲ್ಲಿ ರಜೆ ಇದ್ದದ್ದು ನಿಜ. ಆದರೆ ಪಾಶ್ಚರ್ ಅವರ ಪ್ರಯೋಗಾಲಯದ ನೋಟ್‌ಪುಸ್ತಕಗಳನ್ನು ನಂತರ ಓದಿದ ಇತಿಹಾಸಕಾರರಿಗೆ ಕಂಡದ್ದು ಬೇರೆ. ರಜೆ ಮುಗಿದ ಮೇಲೂ ತಿಂಗಳುಗಟ್ಟಲೆ ಯೋಜಿತ ಪ್ರಯೋಗಗಳು ನಡೆದಿದ್ದವು, ಅದರಲ್ಲಿ ಸಹಾಯಕ ಎಮಿಲ್ ರೂ ಅವರ ಪಾಲು ದೊಡ್ಡದಿತ್ತು. ಕಥೆ ಹೇಳುವವರು ಸಾಮಾನ್ಯವಾಗಿ ರೂ ಹೆಸರನ್ನೇ ಬಿಟ್ಟುಬಿಡುತ್ತಾರೆ! 1880ರ ಫೆಬ್ರುವರಿಯಲ್ಲಿ ಫಲಿತಾಂಶ ಪ್ರಕಟಿಸಿದ ಪಾಶ್ಚರ್, ರೋಗಾಣುವನ್ನು ದುರ್ಬಲಗೊಳಿಸುವ ವಿಧಾನವನ್ನು ಮಾತ್ರ ಅಕ್ಟೋಬರ್‌ವರೆಗೆ ಗುಟ್ಟಾಗಿಟ್ಟರು. ಇದು ಅವರಿಗೆ ಶೋಭೆ ತರುವ ಸಂಗತಿಯಲ್ಲ ಎಂದೇ ನಮಗನ್ನಿಸುತ್ತದೆ. ಆ ಲಸಿಕೆ ಕೋಳಿಮನೆಗಳಲ್ಲಿ ಅಷ್ಟೇನೂ ಯಶಸ್ವಿಯಾಗಲಿಲ್ಲ. ಆದರೆ ರೋಗಾಣುವನ್ನೇ ಪ್ರಯೋಗಾಲಯದಲ್ಲಿ ದುರ್ಬಲಗೊಳಿಸಿ ಲಸಿಕೆ ಮಾಡಬಹುದು ಎಂಬ ದಾರಿ ತೆರೆಯಿತು. 1885ರಲ್ಲಿ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರ್‌ಗೆ ಅವರು ಕೊಡಿಸಿದ ರೇಬೀಸ್ ಲಸಿಕೆ ಬಂದದ್ದೂ ಅದೇ ದಾರಿಯಲ್ಲಿ.

ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ಪ್ರಸಂಗ ಇದೆ. ಆಸ್ಟ್ರೇಲಿಯಾದಲ್ಲಿ ಮೊಲಗಳ ಕಾಟ ತಡೆಯಲಾರದೆ ಸರ್ಕಾರ 25,000 ಪೌಂಡ್ ಬಹುಮಾನ ಘೋಷಿಸಿತು. ಪಾಶ್ಚರ್ ಕೊಟ್ಟ ಉಪಾಯ, ಇದೇ ಕೋಳಿ ಕಾಲರಾ ರೋಗಾಣುವನ್ನು ಮೊಲಗಳಿಗೆ ಹಬ್ಬಿಸುವುದು! 1888ರಲ್ಲಿ ತಮ್ಮ ಸಂಬಂಧಿ ಆದ್ರಿಯಾಂ ಲ್ವಾರ್ ಅವರನ್ನು ಸಿಡ್ನಿಗೆ ಕಳಿಸಿಯೂಬಿಟ್ಟರು. ಹಕ್ಕಿಗಳನ್ನೇ ಕೊಲ್ಲುವ ರೋಗವನ್ನು ಬಯಲಿಗೆ ಬಿಡಲು ಅಲ್ಲಿನವರು ಒಪ್ಪಲಿಲ್ಲ. ಒಪ್ಪದಿದ್ದದ್ದೇ ಒಳ್ಳೆಯದಾಯಿತು.

ಇನ್ನು ಹಕ್ಕಿ ಜ್ವರ. ಪಾಶ್ಚರ್ ಕೋಳಿಗಳತ್ತ ತಿರುಗಿದ ಹೊತ್ತಿನಲ್ಲೇ, 1878ರಲ್ಲಿ, ಇಟಲಿಯ ಪೆರೊಂಚಿತೊ ಕೋಳಿಗಳ ಮತ್ತೊಂದು ಮಾರಕ ಪಿಡುಗನ್ನು ವರ್ಣಿಸಿದ್ದರು. ಅದೇ ಇಂದಿನ ಹಕ್ಕಿ ಜ್ವರ. ಇದು ವೈರಸ್‌ನಿಂದ ಬರುವುದು, ಹಾಗಾಗಿ ಕೋಳಿ ಕಾಲರಾ ಲಸಿಕೆ ಇದಕ್ಕೆ ನಾಟುವುದಿಲ್ಲ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಇದರ ಎಚ್5ಎನ್1 ತಳಿ 18 ಜನರಿಗೆ ತಗುಲಿ 6 ಮಂದಿ ಸತ್ತರು. 2012ರಲ್ಲಿ ಬೆಂಗಳೂರಿನ ಹೆಸರಘಟ್ಟಕ್ಕೂ ಬಂತು. ಮನುಷ್ಯರಿಗೆ ಇದು ಹೆಚ್ಚಾಗಿ ಅಂಟುವುದು ಸೋಂಕಿತ ಹಕ್ಕಿಗಳ ನಿಕಟ ಸಂಪರ್ಕದಿಂದ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಪಶುವೈದ್ಯರಿಗೆ ತಿಳಿಸಿ. ಮಾಂಸ, ಮೊಟ್ಟೆಯ ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸಿದರೆ ವೈರಸ್ ಸಾಯುತ್ತದೆ.

ಪಾಶ್ಚರ್ 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು. ಅವರ ಸಹಾಯಕ ಶಾಂಬರ್ಲಾಂ 1884ರಲ್ಲಿ ಪಿಂಗಾಣಿಯ ಸೋಸುಕ ತಯಾರಿಸಿದ್ದರು. ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿಬೀಳುತ್ತಿತ್ತು. ಆದರೆ ಕೋಳಿಗಳ ಆ ಮತ್ತೊಂದು ಪಿಡುಗಿನ ರೋಗಕಾರಕ ಇಂಥ ಸೋಸುಕಗಳನ್ನೂ ದಾಟಿ ಹೋಗುತ್ತದೆ ಎಂದು 1901ರಲ್ಲಿ ಗೊತ್ತಾಯಿತು. ಅದು ಇನ್‌ಫ್ಲುಯೆಂಜಾ ವೈರಸ್ಸೇ ಎಂದು ಜರ್ಮನಿಯ ಶೇಫರ್ ತೋರಿಸಿದ್ದು 1955ರಲ್ಲಿ.