ಒಳ್ಳೆಯ ಮಕ್ಕಳ ತಂದೆ: ಸಂತ ಲುಯಿಜಿ ಗ್ವಾನೆಲ್ಲಾ

ವಯಸ್ಸು ಬೆಳೆದರೂ ಬುದ್ಧಿ ಅದಕ್ಕೆ ತಕ್ಕಂತೆ ಬೆಳೆಯದ ಮಗನೋ ಮಗಳೋ ಇರುವ ಮನೆಗಳು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಉಂಟು. ಹಬ್ಬದ ದಿನ ನೆಂಟರಿಷ್ಟರು ಬಂದಾಗ ಅಂತಹ ಮಗುವನ್ನು ಒಳಕೋಣೆಯಲ್ಲಿ ಕೂರಿಸುವವರುಂಟು. ತಾನು ಕಣ್ಮುಚ್ಚಿದ ಮೇಲೆ ಇವನ ಗತಿಯೇನೆಂದು ಜಪಸರ ಹಿಡಿದು ರಾತ್ರಿಗಳನ್ನು ಕಳೆಯುವ ತಾಯಂದಿರೂ ಉಂಟು. ಆ ತಾಯಂದಿರ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿ ನೀಡಿದ ಗುರುವೊಬ್ಬರ ಚರಿತ್ರೆಯನ್ನು ಈ ಶತಮಾನೋತ್ಸವ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅವರೇ ಇಟಲಿ ದೇಶದ ಸಂತ ಲುಯಿಜಿ ಗ್ವಾನೆಲ್ಲಾನವರು.

ಲುಯಿಜಿಯವರು 1842ನೆಯ ಇಸವಿ ಡಿಸೆಂಬರ್ 19ರಂದು ಉತ್ತರ ಇಟಲಿಯ ಆಲ್ಪ್ಸ್ ಪರ್ವತಗಳ ನಡುವಣ ಫ್ರಚೀಶೊ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದರು. ತಂದೆ ಲೊರೆಂಜೊ, ತಾಯಿ ಮರಿಯ ಬಿಯಾಂಕಿ. ಈ ದಂಪತಿಗಳ 13 ಮಂದಿ ಮಕ್ಕಳಲ್ಲಿ ಇವರು 9ನೆಯವರು. ಕಲ್ಲುನೆಲವನ್ನು ಉತ್ತು, ದನಕರುಗಳನ್ನು ಸಾಕಿ ಬದುಕುತ್ತಿದ್ದ ಕಷ್ಟಜೀವಿಗಳ ನಾಡು ಅದು. ಬಾಲ್ಯದಲ್ಲಿ ಲುಯಿಜಿಯವರು ಅಕ್ಕ ಕತೆರೀನಾಳೊಡನೆ ಬಂಡೆಯ ಕುಳಿಯಲ್ಲಿ ಮಣ್ಣು ನೀರು ಕಲಸಿ, ಬಡವರಿಗೆ ಸೂಪು ಮಾಡುವ ಆಟವಾಡುತ್ತಿದ್ದರೆಂದು ಅವರ ಚರಿತ್ರೆಕಾರರು ತಿಳಿಸುತ್ತಾರೆ.

ಆ ಕಣಿವೆಗಳಿಗೆ ಮತ್ತೊಂದು ದುಃಖವೂ ಇತ್ತು. ಅಲ್ಲಿನ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಅಯೋಡೀನ್ ಕಡಿಮೆಯಾಗಿದ್ದುದರಿಂದ ಅನೇಕರಿಗೆ ಗಳಗಂಡವಾಗುತ್ತಿತ್ತು. ಗರ್ಭದಲ್ಲಿಯೇ ಈ ಕೊರತೆಗೆ ಗುರಿಯಾದ ಮಕ್ಕಳು ಬುದ್ಧಿಮಾಂದ್ಯರಾಗಿ ಹುಟ್ಟುತ್ತಿದ್ದರು. ಕಾರಣವನ್ನರಿಯದ ಜನರು ಅದನ್ನು ಶಾಪವೆಂದು ತಿಳಿದರು. ನೆರೆಯ ಸ್ವಿಟ್ಜರ್ಲೆಂಡಿನಲ್ಲಿ ಉಪ್ಪಿಗೆ ಅಯೋಡೀನ್ ಬೆರೆಸುವ ಕ್ರಮವು ಆರಂಭವಾದದ್ದು 1922ರಲ್ಲಿ. ಅದಕ್ಕೆ ಮುನ್ನ ಹುಟ್ಟಿದ ಇಂತಹ ಮಕ್ಕಳಲ್ಲಿ ಎಷ್ಟೋ ಮಂದಿ ದನದ ಕೊಟ್ಟಿಗೆಯ ಮೂಲೆಯಲ್ಲಿಯೋ, ಭಿಕ್ಷೆ ಬೇಡುತ್ತ ಬೀದಿಯಲ್ಲಿಯೋ ಬಾಳನ್ನು ಸವೆಸಿದರು.

12ನೆಯ ವಯಸ್ಸಿನಲ್ಲಿ ಲುಯಿಜಿಯವರಿಗೆ ಕೋಮೋ ನಗರದ ಗಾಲ್ಲಿಯೊ ವಿದ್ಯಾಲಯದಲ್ಲಿ ಉಚಿತ ಸ್ಥಾನವು ದೊರಕಿತು. 1866ರ ಮೇ 26ರಂದು ಗುರುದೀಕ್ಷೆಯನ್ನು ಪಡೆದು, ಮರುವರ್ಷ ಬೆಟ್ಟದ ಮೇಲಣ ಸವೋನ್ಯೊ ಗ್ರಾಮದ ವಿಚಾರಣಾ ಗುರುಗಳಾದರು. ಅಲ್ಲಿದ್ದ 8 ವರ್ಷಗಳಲ್ಲಿ ಬಲಿಪೂಜೆ ಅರ್ಪಿಸುವುದರೊಂದಿಗೆ ಮಕ್ಕಳಿಗೆ ಅಕ್ಷರವನ್ನೂ ಕಲಿಸಿದರು. ದಿಕ್ಕಿಲ್ಲದವರನ್ನು ತೂರಿನ್ ನಗರದಲ್ಲಿ ಸಂತ ಕೊತ್ತೊಲೆಂಗೊರವರು ಸ್ಥಾಪಿಸಿದ್ದ ದೇವರ ಪಾಲನೆಯ ಪುಟ್ಟ ಮನೆಗೆ ಕಳುಹಿಸಿಕೊಟ್ಟರು. 1875ರಿಂದ ಮೂರು ವರ್ಷ ಸಂತ ಜಾನ್ ಬೋಸ್ಕೊರವರ ಬಳಿಯಲ್ಲಿದ್ದು ಸೇವೆ ಸಲ್ಲಿಸಿದರು. ಶಿಕ್ಷಿಸಿ ತಿದ್ದುವುದಕ್ಕಿಂತ ಪ್ರೀತಿಯಿಂದ ಸುತ್ತುವರಿದು ಕೆಡುಕನ್ನು ಮೊದಲೇ ತಡೆಯಬೇಕೆಂಬ ಪಾಠವನ್ನು ಅಲ್ಲಿ ಕಲಿತರು.

ಧರ್ಮಾಧ್ಯಕ್ಷರು ಅವರನ್ನು ಸ್ವಂತ ಧರ್ಮಪ್ರಾಂತ್ಯಕ್ಕೆ ಹಿಂದೆ ಕರೆದರು. ಆಮೇಲಣ ದಿನಗಳು ಕಹಿಯಾಗಿದ್ದವು. ತ್ರವೋನಾ ಎಂಬಲ್ಲಿ ತೆರೆದ ಶಾಲೆಯು ಅಧಿಕಾರಿಗಳ ವಿರೋಧದಿಂದ ಮುಚ್ಚಿಹೋಯಿತು. ಸರ್ಕಾರದ ಸಂಶಯ ಒಂದು ಕಡೆ, ಮೇಲಧಿಕಾರಿಗಳ ಅಪನಂಬಿಕೆ ಇನ್ನೊಂದು ಕಡೆ. ಕಡೆಗೆ 1881ರಲ್ಲಿ ಕೋಮೋ ಸರೋವರದ ದಡದ ಪಿಯನೆಲ್ಲೊ ಗ್ರಾಮಕ್ಕೆ ನೇಮಕವಾಯಿತು. ಅಲ್ಲಿ ಹಿಂದಿನ ಗುರುಗಳು ಅನಾಥರಿಗೂ ವೃದ್ಧರಿಗೂ ಒಂದು ಸಣ್ಣ ಆಶ್ರಮವನ್ನು ಸ್ಥಾಪಿಸಿದ್ದರು. ಕೆಲವು ಮಂದಿ ಯುವತಿಯರು ಅದನ್ನು ನಡೆಸುತ್ತಿದ್ದರು. ಬೊಸಾತ್ತಾ ಮನೆತನದ ಸಹೋದರಿಯರಾದ ಮಾರ್ಚೆಲ್ಲೀನಾ ಮತ್ತು ಕಿಯಾರಾ ಅವರಲ್ಲಿ ಪ್ರಮುಖರು. 1886ರಲ್ಲಿ ಈ ಪುಟ್ಟ ಬಳಗದ ಕೆಲವರು ದೋಣಿಯಲ್ಲಿ ಸರೋವರವನ್ನು ದಾಟಿ ಕೋಮೋ ನಗರವನ್ನು ಸೇರಿದರು. ಅಲ್ಲಿ ದೇವರ ಪಾಲನೆಯ ಮನೆಯು ತಲೆಯೆತ್ತಿತು. ಆ ಯುವತಿಯರ ಬಳಗವೇ ದೇವರ ಪಾಲನೆಯ ಸಂತ ಮರಿಯಮ್ಮನವರ ಪುತ್ರಿಯರ ಸಭೆಯಾಗಿ ಬೆಳೆಯಿತು. 1908ರಲ್ಲಿ ಗುರುಗಳ ಹಾಗೂ ಸಹೋದರರ ಸಭೆಯಾದ ಪ್ರೀತಿಸೇವಕರ ಸಭೆಯು ರೂಪುಗೊಂಡಿತು.

ಲೋಕವು ಹೀನವಾದ ಹೆಸರುಗಳಿಂದ ಕರೆಯುತ್ತಿದ್ದ ಬುದ್ಧಿಮಾಂದ್ಯರನ್ನು ಗ್ವಾನೆಲ್ಲಾನವರು ಒಳ್ಳೆಯ ಮಕ್ಕಳೆಂದು ಕರೆದರು. ಹೆಸರು ಬದಲಾದೊಡನೆ ಅವರನ್ನು ನಡೆಸಿಕೊಳ್ಳುವ ರೀತಿಯೂ ಬದಲಾಗಬೇಕಾಯಿತು. ತಮ್ಮ ಮನೆಗಳು ಆಸ್ಪತ್ರೆಯಂತಿರದೆ ನಜರೇತಿನ ಕುಟುಂಬದಂತಿರಬೇಕೆಂಬುದು ಅವರ ಬಯಕೆ. ಬಲವುಳ್ಳವನು ಬಲಹೀನನ ಕೈ ಹಿಡಿಯಬೇಕು, ಪ್ರತಿಯೊಬ್ಬನಿಗೂ ಅವನ ಶಕ್ತಿಗೆ ತಕ್ಕ ಕೆಲಸವಿರಬೇಕು, ಅನ್ನದ ಜೊತೆಗೆ ದೇವರನ್ನೂ ಕೊಡಬೇಕು ಎಂದು ಅವರು ಬೋಧಿಸಿದರು. ಏನನ್ನೂ ಮಾಡಲಾರದವನೆಂದು ಯಾರನ್ನೂ ಬದಿಗಿಡಲು ಅವರು ಒಪ್ಪಲಿಲ್ಲ.

ಇದಕ್ಕೆ ಸಾಕ್ಷಿಯಾಗಿ ನಿಂತದ್ದು ಪಿಯಾನ್ ದಿ ಸ್ಪಾನ್ಯಾ ಎಂಬ ಜೌಗುಭೂಮಿ. ಕೋಮೋ ಸರೋವರದ ಉತ್ತರ ತುದಿಯಲ್ಲಿ, ಅದ್ದಾ ನದಿಯು ಬಂದು ಸೇರುವ ಆ ಪ್ರದೇಶವು ಮಲೇರಿಯಾ ಜ್ವರದ ಬೀಡಾಗಿತ್ತು. 1900ರ ಸುಮಾರಿಗೆ ಗ್ವಾನೆಲ್ಲಾನವರು ತಮ್ಮ ಒಳ್ಳೆಯ ಮಕ್ಕಳನ್ನೂ ಸಹೋದರರನ್ನೂ ಕರೆದುಕೊಂಡು ಅಲ್ಲಿ ನೀರು ಬಸಿಯುವ ಕಾಲುವೆಗಳನ್ನು ತೋಡಿಸಿ, ನೆಲವನ್ನು ಹಸನು ಮಾಡಿಸಿ, ನುವೊವಾ ಒಲೋನಿಯೊ ಎಂಬ ಊರನ್ನು ಎಬ್ಬಿಸಿದರು. ಯಾವ ಪ್ರಯೋಜನಕ್ಕೂ ಬಾರದವರೆಂದು ಲೋಕವು ತಳ್ಳಿದ್ದ ಮನುಷ್ಯರು, ಯಾವ ಪ್ರಯೋಜನಕ್ಕೂ ಬಾರದೆಂದು ಬಿಟ್ಟಿದ್ದ ನೆಲದಲ್ಲಿ ಬೆಳೆ ತೆಗೆದರು.

ಇಷ್ಟೆಲ್ಲಕ್ಕೂ ಹಣವೆಲ್ಲಿಯದು? ಸಾಲವು ಅವರನ್ನು ಬಿಟ್ಟ ದಿನವೇ ಇರಲಿಲ್ಲ. ಇಷ್ಟು ಹೊರೆಯಿದ್ದೂ ನಿದ್ರೆ ಬರುವುದೇ ಎಂದು ಪೋಪ್ ಹತ್ತನೆಯ ಪಿಯುಸ್‌ರವರು ಕೇಳಿದಾಗ, ನಡುರಾತ್ರಿಯವರೆಗೆ ತಾವು ಚಿಂತಿಸುವುದಾಗಿಯೂ ಆಮೇಲೆ ಚಿಂತೆಯನ್ನು ದೇವರಿಗೇ ಒಪ್ಪಿಸಿಬಿಡುವುದಾಗಿಯೂ ಅವರು ಬಿನ್ನವಿಸಿದರೆಂದು ಹೇಳುವುದುಂಟು. 1912ರ ಕೊನೆಯಲ್ಲಿ, ವಲಸೆ ಹೋದ ಇಟಲಿಯವರ ಸಲುವಾಗಿ ಅಮೆರಿಕಾಕ್ಕೆ ಪ್ರಯಾಣ ಮಾಡಿದರು. 1915ರ ಜನವರಿ 13ರಂದು ಅವೆತ್ಸಾನೊ ಪ್ರದೇಶವು ಭೂಕಂಪದಿಂದ ನೆಲಸಮವಾದಾಗ, 72ರ ವೃದ್ಧಾಪ್ಯದಲ್ಲಿಯೂ ಸಂತ್ರಸ್ತರ ನೆರವಿಗೆ ಧಾವಿಸಿದರು. ಅದೇ ವರ್ಷ ಪಾರ್ಶ್ವವಾಯುವಿಗೆ ತುತ್ತಾಗಿ, ಅಷ್ಟು ಜನರ ಆರೈಕೆ ಮಾಡಿದವರು ತಾವೇ ಪರರ ಆರೈಕೆಗೆ ಒಳಗಾದರು. ಅಕ್ಟೋಬರ್ 24ರಂದು ಕೋಮೋದಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. 1964ರಲ್ಲಿ ಪೋಪ್ ಆರನೆಯ ಪೌಲರು ಅವರನ್ನು ಪುನೀತರೆಂದೂ, 2011ರ ಅಕ್ಟೋಬರ್ 23ರಂದು ಪೋಪ್ ಹದಿನಾರನೆಯ ಬೆನೆಡಿಕ್ಟರು ಸಂತರೆಂದೂ ಸಾರಿದರು. ಅವರ ಸಭೆಯವರು ಭಾರತಕ್ಕೂ ಬಂದು ತಮಿಳುನಾಡಿನಲ್ಲಿ ಇಂತಹ ಮಕ್ಕಳ ಸೇವೆಯಲ್ಲಿ ತೊಡಗಿದ್ದಾರೆ.

ಗ್ವಾನೆಲ್ಲಾನವರ ಕಾಲದ ಎಲ್ಲ ಪದ್ಧತಿಗಳನ್ನೂ ಇಂದು ಹಾಗೆಯೇ ಅನುಸರಿಸಬೇಕೆಂದು ನಾವು ಹೇಳಲಾರೆವು. ವೃದ್ಧರು, ಅನಾಥರು, ಬುದ್ಧಿಮಾಂದ್ಯರು ಎಲ್ಲರನ್ನೂ ಒಂದೇ ದೊಡ್ಡ ಸೂರಿನಡಿ ಇರಿಸುವುದು ಅಂದಿನ ಅನಿವಾರ್ಯವಾಗಿತ್ತು. ದೊಡ್ಡ ಸಂಸ್ಥೆಯು ಎಷ್ಟೇ ಶುಚಿಯಾಗಿದ್ದರೂ ಅಲ್ಲಿ ಮನುಷ್ಯನು ಸಾಲಿನಲ್ಲೊಂದು ಹಾಸಿಗೆಯಾಗಿಬಿಡುವ ಅಪಾಯವಿದೆ. ಆದಕಾರಣ, ಎಲ್ಲರಂತೆ ಊರಿನ ನಡುವೆಯೇ ಬೇಕಾದ ನೆರವಿನೊಡನೆ ಬಾಳುವುದು ಅಂಗವಿಕಲರ ಹಕ್ಕೆಂದು 2006ರಲ್ಲಿ ವಿಶ್ವಸಂಸ್ಥೆಯ ಒಡಂಬಡಿಕೆಯು ಸಾರಿತು. ಮರುವರ್ಷ ಭಾರತವೂ ಅದನ್ನು ಅನುಮೋದಿಸಿತು. ತಾಯಿತಂದೆಯರ ಕಾಲಾನಂತರ ಇಂತಹವರ ರಕ್ಷಣೆಗೆಂದು ನಮ್ಮ ದೇಶದಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯೂ ಇದೆ. ಅದರಂತೆ ಜಿಲ್ಲಾ ಮಟ್ಟದ ಸಮಿತಿಯ ಮೂಲಕ ಪೋಷಕರನ್ನು ನೇಮಿಸಿಕೊಳ್ಳಬಹುದು. ಚಿಂತೆಯಲ್ಲಿರುವ ತಾಯಂದಿರಿಗೆ ಈ ವಿಷಯವನ್ನು ತಿಳಿಸುವುದೂ ಒಂದು ಪುಣ್ಯಕಾರ್ಯವೇ.

ಆದರೆ ಆರೈಕೆಯು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಅಳೆಯುವ ಗ್ವಾನೆಲ್ಲಾನವರ ಅಳತೆಗೋಲು ಹಳೆಯದಾಗಿಲ್ಲ. ಗೋಡೆಗೆ ಸುಣ್ಣ ಬಳಿದಿದೆಯೇ, ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಾರೆಯೇ ಎಂದು ನೋಡಿ ಬಂದರೆ ಸಾಲದು. ಅವನನ್ನು ಹೆಸರು ಹಿಡಿದು ಕರೆಯುತ್ತಾರೆಯೇ, ಅವನಿಗೆ ಯಾವುದು ಇಷ್ಟವೆಂದು ಕೇಳುತ್ತಾರೆಯೇ, ಅವನ ಕೈಗೊಂದು ಕೆಲಸವಿದೆಯೇ, ಉಣ್ಣುವಾಗ ಪಕ್ಕದಲ್ಲಿ ಯಾರಾದರೂ ಕೂರುತ್ತಾರೆಯೇ, ಭಾನುವಾರ ಅವನು ದೇವಾಲಯದಲ್ಲಿರುತ್ತಾನೆಯೇ ಎಂದು ವಿಚಾರಿಸಬೇಕು. ಈ ಪ್ರಶ್ನೆಗಳನ್ನು ಆಶ್ರಮಗಳಿಗೆ ಕೇಳುವ ಮುನ್ನ ನಮ್ಮ ನಮ್ಮ ಮನೆಗಳಿಗೆ, ನಮ್ಮ ಧರ್ಮಕೇಂದ್ರಕ್ಕೆ ನಾವು ಕೇಳಿಕೊಳ್ಳೋಣ. ಪೂಜೆಯ ನಡುವೆ ಕೂಗಿದ ಮಗುವಿನ ಕಡೆ ಹಿಂತಿರುಗಿ ಹುಬ್ಬು ಗಂಟಿಕ್ಕಿದವರಲ್ಲಿ ನಾವೂ ಇದ್ದೆವಲ್ಲವೇ?

ಇನ್ನು ಮೇಲಾದರೂ ಆ ತಾಯಿ ತನ್ನ ಮಗನನ್ನು ಒಳಕೋಣೆಯಲ್ಲಿ ಬಿಟ್ಟುಬರುವ ಅಗತ್ಯವಿಲ್ಲದಂತೆ ನಮ್ಮ ಪಕ್ಕದಲ್ಲಿ ಅವರಿಬ್ಬರಿಗೂ ಜಾಗ ಮಾಡಿಕೊಡೋಣ. ಒಳ್ಳೆಯ ಮಕ್ಕಳ ತಂದೆಯಾದ ಸಂತ ಲುಯಿಜಿ ಗ್ವಾನೆಲ್ಲಾನವರು ಅದಕ್ಕೆ ಬೇಕಾದ ಮನಸ್ಸನ್ನು ನಮಗೆಲ್ಲರಿಗೂ ದೇವರಲ್ಲಿ ಬೇಡಿ ಕೊಡಿಸಲಿ.